ಸಾಲದ ಶಕ್ತಿ: ಟೂ ಸ್ಟ್ರೋಕ್ ಎಂಜಿನ್ನಿನ ಜಮಾ–ಖರ್ಚು

(ಪೀಣ್ಯದಲ್ಲಿ ಕೈಗಾರಿಕಾ ತರಬೇತಿ ಪಡೆಯುತ್ತಿರುವ ವಿದ್ಯಾರ್ಥಿಗಳು ಹಾಗೂ ಸಣ್ಣ ಕಾರ್ಖಾನೆಗಳ ಕೆಲಸಗಾರರ ಮುಂದೆ ಮಾಡಿದ ಭಾಷಣದ ಬರಹರೂಪ)



ಹಳೆಯ ಮೋಟಾರ್‌ಸೈಕಲ್ಲಿನ ಸಿಲಿಂಡರನ್ನು ಚೀಲದಲ್ಲಿ ಹಾಕಿಕೊಂಡು ಬೋರಿಂಗ್ ಅಂಗಡಿಗೆ ಬರುವ ಹುಡುಗರು ಸಾಮಾನ್ಯವಾಗಿ ಒಂದೇ ಪ್ರಶ್ನೆ ಕೇಳುತ್ತಾರೆ: ‘ಅಣ್ಣಾ, ಇದರಲ್ಲಿ ಇನ್ನೂ ಎಷ್ಟು ಪವರ್ ತೆಗೀಬಹುದು?’ ಈ ಪ್ರಶ್ನೆ ಕೇಳುವುದು ತಪ್ಪೇನಲ್ಲ. ಪ್ರಪಂಚದ ರೇಸ್ ಎಂಜಿನ್ನುಗಳೆಲ್ಲ ಹುಟ್ಟಿದ್ದು ಇದೇ ಪ್ರಶ್ನೆಯಿಂದ. ಆದರೆ ಅದರ ಬೆನ್ನಿಗೇ ಕೇಳಬೇಕಾದ ಇನ್ನೊಂದು ಪ್ರಶ್ನೆಯನ್ನು ಬಹಳ ಮಂದಿ ಕೇಳುವುದಿಲ್ಲ: ‘ಆ ಶಕ್ತಿಯನ್ನು ಎಲ್ಲಿಂದ ತರುತ್ತೀರಿ?’ ಎಂಜಿನ್ನಿನಲ್ಲಿ ಶಕ್ತಿ ಬಿಟ್ಟಿಯಾಗಿ ಹುಟ್ಟುವುದಿಲ್ಲ. ಒಂದು ಕಡೆ ಜಮಾ ಆಯಿತೆಂದರೆ ಇನ್ನೊಂದು ಕಡೆ ಖರ್ಚು ಬಿದ್ದಿದೆ ಎಂದೇ ಅರ್ಥ. ಆ ಖರ್ಚಿನ ಕಲಮನ್ನು ಓದಬಲ್ಲವನೇ ಒಳ್ಳೆಯ ಮೆಕ್ಯಾನಿಕ್. ಇಂದು ಟೂ ಸ್ಟ್ರೋಕ್ ಎಂಜಿನ್ನನ್ನು ಮುಂದಿಟ್ಟುಕೊಂಡು ಈ ಒಂದು ಮಾತನ್ನು ಬಿಡಿಸಿ ನೋಡೋಣ.

ಎರಡೇ ಹೊಡೆತದ ಉಪಾಯ

ನಾಲ್ಕು ಸ್ಟ್ರೋಕಿನ ಎಂಜಿನ್ನು ಉಸಿರೆಳೆಯುವುದು, ಒತ್ತುವುದು, ಉರಿಸುವುದು, ಹೊಗೆ ಬಿಡುವುದು ಎಂಬ ನಾಲ್ಕು ಕೆಲಸಗಳಿಗೆ ಪಿಸ್ಟನ್ನಿನ ನಾಲ್ಕು ಹೊಡೆತಗಳನ್ನು ಬಳಸುತ್ತದೆ. ಟೂ ಸ್ಟ್ರೋಕ್ ಅದೇ ಕೆಲಸಗಳನ್ನು ಎರಡೇ ಹೊಡೆತದಲ್ಲಿ, ಅಂದರೆ ಕ್ರ್ಯಾಂಕಿನ ಒಂದೇ ಸುತ್ತಿನಲ್ಲಿ ಮುಗಿಸುತ್ತದೆ. ಇಂಥ ಎಂಜಿನ್ನಿನ ಮೊದಲ ಪ್ರಯತ್ನಗಳಲ್ಲಿ ಹೆಸರಾದದ್ದು ಸ್ಕಾಟ್ಲೆಂಡಿನ ಡ್ಯುಗಾಲ್ಡ್ ಕ್ಲರ್ಕ್ ಎಂಬಾತನದು. ನಾವು ಬೈಕುಗಳಲ್ಲಿ ಕಂಡ ಸರಳ ರೂಪ ಬಂದದ್ದು 1891ರ ಸುಮಾರಿಗೆ, ಇಂಗ್ಲೆಂಡಿನ ಜೋಸೆಫ್ ಡೇ ಎಂಬಾತನಿಂದ. ಪಿಸ್ಟನ್ನಿನ ಕೆಳಗಿನ ಕ್ರ್ಯಾಂಕ್‌ಕೇಸನ್ನೇ ಪಂಪಿನಂತೆ ಬಳಸಿದ್ದು ಆತನ ಜಾಣತನ. ಪಿಸ್ಟನ್ ಮೇಲೇರುವಾಗ ಕೆಳಗೆ ಹೊಸ ಗಾಳಿ ಮತ್ತು ಪೆಟ್ರೋಲು ಬಂದು ಸೇರುತ್ತದೆ. ಕೆಳಗಿಳಿಯುವಾಗ ಅದೇ ಮಿಶ್ರಣ ಒತ್ತಡಕ್ಕೆ ಸಿಕ್ಕಿ ಪಕ್ಕದ ದಾರಿಯಿಂದ ಮೇಲಕ್ಕೆ ನುಗ್ಗುತ್ತದೆ.

ಇಲ್ಲಿ ವಾಲ್ವಿಲ್ಲ, ಕ್ಯಾಮಿಲ್ಲ. ಸಿಲಿಂಡರಿನ ಗೋಡೆಯಲ್ಲಿ ಕೊರೆದ ಕಿಂಡಿಗಳೇ ಬಾಗಿಲುಗಳು. ಗ್ಯಾರೇಜಿನ ಮಾತಿನಲ್ಲಿ ಅವೇ ಪೋರ್ಟುಗಳು. ಹೊಗೆ ಹೊರಗೆ ಹೋಗುವುದಕ್ಕೆ ಎಕ್ಸಾಸ್ಟ್ ಪೋರ್ಟು, ಕೆಳಗಿನ ಮಿಶ್ರಣ ಮೇಲೆ ಬರುವುದಕ್ಕೆ ಟ್ರಾನ್ಸ್‌ಫರ್ ಪೋರ್ಟು. ಈ ಬಾಗಿಲುಗಳನ್ನು ತೆರೆಯುವವನೂ ಮುಚ್ಚುವವನೂ ಪಿಸ್ಟನ್ನೇ. ವಾಲ್ವ್ ಎಂಜಿನ್ನಿನ ಉಸಿರಾಟ ಬದಲಿಸಬೇಕಾದರೆ ಹೊಸ ಕ್ಯಾಮ್ ಮಾಡಿಸಬೇಕು. ಟೂ ಸ್ಟ್ರೋಕಿಗೆ ಒಂದು ಒಳ್ಳೆಯ ಅರ, ಒಂದು ಅಳತೆಪಟ್ಟಿ, ಗಟ್ಟಿ ಕೈ ಇದ್ದರೆ ಸಾಕು. ಬಡವನ ಮನೆಯ ಹುಡುಗನೂ ರೇಸ್ ಎಂಜಿನ್ನಿಗೆ ಕೈಹಾಕಲು ಸಾಧ್ಯವಾದದ್ದು ಈ ಸರಳತೆಯಿಂದ. ಅದೇ ಸರಳತೆ ಅನೇಕ ಒಳ್ಳೆಯ ಸಿಲಿಂಡರುಗಳನ್ನು ಗುಜರಿಗೂ ಕಳಿಸಿದೆ.

ಈ ರಚನೆಯಲ್ಲಿ ಹುಟ್ಟಿನಿಂದಲೇ ಒಂದು ದೋಷವಿದೆ. ಹೊಸ ಮಿಶ್ರಣ ಒಳಗೆ ಬರುವ ಹೊತ್ತಿನಲ್ಲಿ ಹೊಗೆ ಹೋಗುವ ಬಾಗಿಲೂ ತೆರೆದೇ ಇರುತ್ತದೆ. ಹೀಗಾಗಿ ಬಂದ ಮಿಶ್ರಣದಲ್ಲಿ ಒಂದು ಪಾಲು ಉರಿಯದೆ ನೇರವಾಗಿ ಸೈಲೆನ್ಸರಿಗೆ ಹೋಗುತ್ತದೆ. ಸಾಧಾರಣ ಕಾರ್ಬ್ಯುರೇಟರ್ ಎಂಜಿನ್ನಿನಲ್ಲಿ ಕೆಲವು ಸಂದರ್ಭಗಳಲ್ಲಿ ಇದು ಮೂರನೆಯ ಒಂದು ಭಾಗದಷ್ಟಾಗುವುದೂ ಉಂಟು. ಟೂ ಸ್ಟ್ರೋಕಿನ ಇತಿಹಾಸವೆಲ್ಲ ಈ ಸೋರಿಕೆಯೊಂದಿಗೆ ನಡೆದ ಗುದ್ದಾಟ.

ಮೈಸೂರಿನಿಂದ ಹೊಸೂರಿನವರೆಗೆ

ಈ ಎಂಜಿನ್ನು ನಮಗೆ ಪರದೇಶಿಯಲ್ಲ. ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಕೆಲಸ ಆರಂಭಿಸಿತು. ಮೊದಲು ಜೆಕೊಸ್ಲೊವಾಕಿಯಾದ ಜಾವಾ, 1970ರ ದಶಕದಲ್ಲಿ ಯೆಜ್ಡಿ, 1978ರಲ್ಲಿ ರೋಡ್‌ಕಿಂಗ್ ಹೀಗೆ 1996ರಲ್ಲಿ ಬಾಗಿಲು ಮುಚ್ಚುವವರೆಗೂ ಅಲ್ಲಿಂದ ಟೂ ಸ್ಟ್ರೋಕ್ ಬೈಕುಗಳು ಹೊರಬಂದವು. ಬೆಂಗಳೂರಿನ ಇನ್ನೊಂದು ತುದಿಯಲ್ಲಿ, ಎಲೆಕ್ಟ್ರಾನಿಕ್ ಸಿಟಿ ದಾಟಿದರೆ ಸಿಗುವ ಹೊಸೂರಿನಲ್ಲಿ, 1980ರಲ್ಲಿ ಟಿವಿಎಸ್ 50 ಮೊಪೆಡ್ ಬಂತು. 1984ರಲ್ಲಿ ಸುಜುಕಿ ಸಹಯೋಗದ 100 ಸಿಸಿ ಬೈಕು ಬಂತು. ಉತ್ತರ ಭಾರತದ ಎಸ್ಕಾರ್ಟ್ಸ್ ಕಂಪನಿ 1983ರಲ್ಲಿ ರಾಜ್‌ದೂತ್ 350, 1985ರಲ್ಲಿ ಯಮಹಾ ಆರ್‌ಎಕ್ಸ್ 100 ಬೈಕುಗಳನ್ನು ತಂದಿತು. ಆರ್‌ಎಕ್ಸ್ 100 ನಮ್ಮ ಊರಿನಲ್ಲಿ ಹುಟ್ಟಿದ್ದಲ್ಲದಿದ್ದರೂ ಬೆಂಗಳೂರಿನ ಹುಡುಗರು ಅದನ್ನು ಮನೆಮಗನಂತೆ ಸಾಕಿಕೊಂಡರು.

ಈ ಎಂಜಿನ್ನುಗಳು ಬಿದ್ದ ನೆಲವೂ ಹದವಾಗಿತ್ತು. ಜಾಲಹಳ್ಳಿಯಲ್ಲಿ 1953ರಲ್ಲಿ ಆರಂಭವಾದ ಎಚ್‌ಎಂಟಿ ಲೇಥುಗಳನ್ನು ಮಾಡುತ್ತಿತ್ತು. ಆಡುಗೋಡಿಯ ಮೈಕೊ ಸ್ಪಾರ್ಕ್ ಪ್ಲಗ್ಗುಗಳನ್ನು ಮಾಡುತ್ತಿತ್ತು. ಆಮೇಲೆ ಪೀಣ್ಯ ಬೆಳೆಯಿತು. ಬೋರಿಂಗ್, ಹೋನಿಂಗ್, ಗ್ರೈಂಡಿಂಗ್, ಹಾರ್ಡ್ ಕ್ರೋಮ್, ಶಾಖ ಸಂಸ್ಕಾರ ಎಲ್ಲವೂ ಒಂದೇ ಬಡಾವಣೆಯಲ್ಲಿ ಸಿಗುವಂತಾಯಿತು. ಬೆಳಗ್ಗೆ ವಿಮಾನದ ಬಿಡಿಭಾಗದ ಮೇಲೆ ಮೈಕ್ರಾನ್ ಲೆಕ್ಕದಲ್ಲಿ ಕೆಲಸ ಮಾಡುವ ಕೈಗೆ ಸಂಜೆ ಒಂದು ಸ್ಲೀವ್ ಕೂರಿಸುವುದು ದೊಡ್ಡ ಮಾತಲ್ಲ. ಮದ್ರಾಸಿನ ಹತ್ತಿರ ಶೋಲಾವರಂನಲ್ಲಿ, ಎರಡನೆಯ ಮಹಾಯುದ್ಧ ಕಾಲದ ವಿಮಾನಪಟ್ಟಿಯ ಮೇಲೆ ನಡೆಯುತ್ತಿದ್ದ ರೇಸುಗಳು, ಆಮೇಲೆ ಇರುಂಗಾಟ್ಟುಕೋಟೈ ಟ್ರ್ಯಾಕು, ಊರೂರುಗಳ ಮಣ್ಣಿನ ರೇಸುಗಳು ಈ ಕೈಗಳಿಗೆ ಪರೀಕ್ಷೆಯ ಅಂಗಳಗಳಾದವು.

ಈಗ ಕೆಲವು ಅಂಕಿಗಳನ್ನು ಪಕ್ಕಪಕ್ಕದಲ್ಲಿಡೋಣ. ಯೆಜ್ಡಿ ರೋಡ್‌ಕಿಂಗ್ 250 ಸಿಸಿಗೆ 16 ಅಶ್ವಶಕ್ತಿ, ಅಂದರೆ ಲೀಟರಿಗೆ 64. ರಾಜ್‌ದೂತ್ 350 ತನ್ನ ಹೆಚ್ಚಿನ ಶಕ್ತಿಯ ಮಾದರಿಯಲ್ಲಿ 30.5, ಲೀಟರಿಗೆ ಸುಮಾರು 88. ಆರ್‌ಎಕ್ಸ್ 100 ಬರೀ 98 ಸಿಸಿಗೆ 11 ಅಶ್ವಶಕ್ತಿ, ಲೀಟರಿಗೆ 112. ಎಲ್ಲವೂ ಟೂ ಸ್ಟ್ರೋಕೇ, ಎಲ್ಲವೂ ಅದೇ ಪೆಟ್ರೋಲನ್ನೇ ಕುಡಿಯುವಂಥವು. ಹಾಗಿದ್ದರೆ ಈ ಅಂತರ ಎಲ್ಲಿಂದ ಬಂತು?

ರಾಜ್‌ದೂತ್ 350 ಇದಕ್ಕೆ ಒಳ್ಳೆಯ ಪಾಠ. ಜಪಾನಿನ ಮೂಲ ಆರ್‌ಡಿ 350 ಬೈಕಿಗೆ 39 ಅಶ್ವಶಕ್ತಿ ಇತ್ತು. ಭಾರತಕ್ಕೆ ಬರುವಾಗ ಅದನ್ನು ಮೊದಲು 30.5ಕ್ಕೆ, ಆಮೇಲೆ ಇನ್ನೊಂದು ಮಾದರಿಯಲ್ಲಿ 27ಕ್ಕೆ ಇಳಿಸಿದರು. ಎಂಜಿನ್ನಿನ ಗಾತ್ರ ಕಡಿಮೆಯಾಗಲಿಲ್ಲ; ಅದರ ಉಸಿರಾಟವನ್ನು ಮಾತ್ರ ಬಿಗಿಮಾಡಿದರು. ಕಾರಣ ಮೈಲೇಜು. ಕಾರ್ಖಾನೆಯೇ ಶಕ್ತಿಯನ್ನು ಮಾರಿ ಪೆಟ್ರೋಲಿನ ಉಳಿತಾಯವನ್ನು ಕೊಂಡಿತು. ಗ್ಯಾರೇಜಿನವನು ಮಾಡುವುದು ಇದೇ ವ್ಯಾಪಾರವನ್ನು, ತಿರುಗುಮುರುಗಾಗಿ.

ಮೂರು ಮಿಲಿಸೆಕೆಂಡಿನ ಸಂತೆ

ಶಕ್ತಿ ಎಂದರೆ ಒಂದು ಸುತ್ತಿನಲ್ಲಿ ಆದ ಕೆಲಸವನ್ನು ಸುತ್ತುಗಳ ಸಂಖ್ಯೆಯಿಂದ ಗುಣಿಸಿದ್ದು. ಅದನ್ನು ಹೆಚ್ಚಿಸಲು ದಾರಿಗಳು ಎರಡೇ: ಪ್ರತಿ ಸುತ್ತಿನಲ್ಲೂ ಹೆಚ್ಚು ಮಿಶ್ರಣ ತುಂಬಿ ಉರಿಸುವುದು, ಇಲ್ಲವೇ ನಿಮಿಷಕ್ಕೆ ಹೆಚ್ಚು ಸುತ್ತು ತಿರುಗಿಸುವುದು. ರೇಸಿನವರು ಎರಡನ್ನೂ ಮಾಡುತ್ತಾರೆ. ಎರಡನೆಯದನ್ನು ಮೊದಲು ನೋಡೋಣ.

ಆರ್‌ಎಕ್ಸ್ 100 ತನ್ನ ಪೂರ್ಣ ಶಕ್ತಿ ಕೊಡುವುದು ನಿಮಿಷಕ್ಕೆ 7,500 ಸುತ್ತಿನಲ್ಲಿ. ಅಂದರೆ ಸೆಕೆಂಡಿಗೆ 125 ಸುತ್ತು; ಒಂದು ಸುತ್ತಿಗೆ 8 ಮಿಲಿಸೆಕೆಂಡು. ಎಕ್ಸಾಸ್ಟ್ ಪೋರ್ಟು ಅರ್ಧ ಸುತ್ತಿನಷ್ಟು, ಅಂದರೆ 180 ಡಿಗ್ರಿ ತೆರೆದಿದೆ ಎಂದಿಟ್ಟುಕೊಳ್ಳಿ: ಹೊಗೆಗೆ ಸಿಗುವ ಸಮಯ 4 ಮಿಲಿಸೆಕೆಂಡು. ಎಂಜಿನ್ನನ್ನು 10,000 ಸುತ್ತಿಗೆ ಏರಿಸಿದರೆ ಅದೇ ಬಾಗಿಲು ತೆರೆದಿರುವುದು 3 ಮಿಲಿಸೆಕೆಂಡು ಮಾತ್ರ. ಟ್ರಾನ್ಸ್‌ಫರ್ ಪೋರ್ಟಿಗೆ ಇನ್ನೂ ಕಡಿಮೆ, ಸುಮಾರು 2 ಮಿಲಿಸೆಕೆಂಡು. ಆಷ್ಟರಲ್ಲಿ ಹಳೆಯದೆಲ್ಲ ಹೊರಗೆ ಹೋಗಬೇಕು, ಹೊಸದೆಲ್ಲ ಒಳಗೆ ಬರಬೇಕು. ಸಂತೆಯ ವೇಳೆ ಕಾಲುಭಾಗ ಕಡಿಮೆಯಾದರೆ ಬಾಗಿಲನ್ನು ಅಗಲ ಮಾಡಬೇಕು, ಇಲ್ಲವೇ ಬೇಗ ತೆರೆಯಬೇಕು. ಅರ ಹಿಡಿದವನು ಮಾಡುವುದು ಇದನ್ನೇ.

ಎಕ್ಸಾಸ್ಟ್ ಪೋರ್ಟಿನ ಮೇಲಂಚನ್ನು ಒಂದು ಮಿಲಿಮೀಟರ್ ಏರಿಸಿದರೆ ಏನಾಗುತ್ತದೆ? ಆರ್‌ಎಕ್ಸ್ 100 ಎಂಜಿನ್ನಿನ ಸ್ಟ್ರೋಕು 50 ಮಿಲಿಮೀಟರು. ಆ ಲೆಕ್ಕದಲ್ಲಿ ಪೋರ್ಟು ತೆರೆಯುವಾಗ ಎರಡು ಡಿಗ್ರಿಗಿಂತ ಸ್ವಲ್ಪ ಹೆಚ್ಚು, ಮುಚ್ಚುವಾಗಲೂ ಅಷ್ಟೇ, ಒಟ್ಟು ಸುಮಾರು ನಾಲ್ಕೂವರೆ ಡಿಗ್ರಿ ಕಾಲ ಹೆಚ್ಚುತ್ತದೆ. ಅರದ ನಾಲ್ಕು ಎಳೆತ ಜಾಸ್ತಿಯಾದರೆ ಎಂಜಿನ್ನಿನ ಸ್ವಭಾವವೇ ಬದಲಾಗುತ್ತದೆ. ತೆಗೆದ ಲೋಹವನ್ನು ಮತ್ತೆ ಹಚ್ಚಲು ಬರುವುದಿಲ್ಲ.

ಇನ್ನು ಜಮಾ–ಖರ್ಚು ನೋಡಿ. ಪೋರ್ಟು ಬೇಗ ತೆರೆಯಿತು ಎಂದರೆ ಉರಿದ ಅನಿಲ ಪಿಸ್ಟನ್ನನ್ನು ಒತ್ತುವ ದೂರ ಕಡಿಮೆಯಾಯಿತು ಎಂದರ್ಥ. ಮೇಲಿನ ವೇಗದಲ್ಲಿ ಲಾಭ, ಕೆಳಗಿನ ವೇಗದಲ್ಲಿ ನಷ್ಟ. ರೇಸ್ ಎಂಜಿನ್ನು ಏರಿಯ ಮೇಲೆ ಎರಡನೇ ಗೇರಿನಲ್ಲಿ ಮುಕ್ಕುವುದು, ಸಿಗ್ನಲ್ಲಿನಲ್ಲಿ ಆಗಾಗ ಆಫ್ ಆಗುವುದು ಇದರಿಂದಲೇ. ಪೋರ್ಟನ್ನು ಅಗಲ ಮಾಡೋಣವೆಂದರೆ ಅಲ್ಲೂ ಮಿತಿಯಿದೆ. ಬೋರಿನ ಅಳತೆಯ ಶೇಕಡ 60ರಿಂದ 70ರಷ್ಟು ಅಗಲ ದಾಟಿದರೆ ಪಿಸ್ಟನ್ ರಿಂಗು ಆ ಕಿಂಡಿಯೊಳಗೆ ಉಬ್ಬಿ, ಅಂಚಿಗೆ ಸಿಕ್ಕಿ ಮುರಿಯುತ್ತದೆ. ಪೋರ್ಟಿನ ಮೇಲಂಚನ್ನು ಕಮಾನಿನ ಆಕಾರಕ್ಕೆ ತರುವುದು, ಅಂಚುಗಳನ್ನು ಸವರಿ ನುಣುಪು ಮಾಡುವುದು ಇದೇ ಕಾರಣಕ್ಕೆ. ಕನ್ನಡಿಯಂತೆ ಹೊಳೆಯುವ ಪೋರ್ಟಿಗಿಂತ, ಅಂಚು ಸರಿಯಾಗಿ ಸವರಿದ ಪೋರ್ಟು ದೊಡ್ಡದು.

ಹೆಡ್ಡಿನ ತಳವನ್ನು ಲೇಥಿನಲ್ಲಿ ತುಸು ಸವರಿ ಒತ್ತಡ ಹೆಚ್ಚಿಸುವುದು ಇನ್ನೊಂದು ವಿಧಾನ. ಒತ್ತಡ ಹೆಚ್ಚಾದಷ್ಟೂ ಅದೇ ಮಿಶ್ರಣದಿಂದ ಹೆಚ್ಚು ಕೆಲಸ ಸಿಗುತ್ತದೆ. ಆದರೆ ಒಂದು ಹಂತ ದಾಟಿದರೆ ಉರಿಯಬೇಕಾದ ಮಿಶ್ರಣ ಸಿಡಿಯತೊಡಗುತ್ತದೆ. ಅದೇ ನಾಕಿಂಗ್, ಪಿಸ್ಟನ್ನಿನ ತಲೆಯಲ್ಲಿ ತೂತು ಬೀಳುವುದು ಇದರಿಂದ. ಕಾರ್ಬ್ಯುರೇಟರನ್ನು ದೊಡ್ಡದು ಮಾಡಿದಾಗ ಪೆಟ್ರೋಲಿನ ಜೆಟ್ಟನ್ನೂ ಮತ್ತೆ ಹೊಂದಿಸಬೇಕು. ಪೆಟ್ರೋಲು ಕಡಿಮೆಯಾದರೆ ಎಂಜಿನ್ನು ಸ್ವಲ್ಪ ಹೊತ್ತು ಚುರುಕಾಗಿಯೇ ಓಡುತ್ತದೆ, ಆಮೇಲೆ ಸೀಜ್ ಆಗುತ್ತದೆ. ಟೂ ಸ್ಟ್ರೋಕಿನಲ್ಲಿ ಪೆಟ್ರೋಲಿನ ಜೊತೆಗೇ ಎಣ್ಣೆಯೂ ಹೋಗುತ್ತದೆ, ಒಳಬರುವ ಮಿಶ್ರಣವೇ ಎಂಜಿನ್ನನ್ನು ತಂಪೂ ಮಾಡುತ್ತದೆ ಎಂಬುದನ್ನು ಮರೆಯಬಾರದು. ಹಳಬರು ಪ್ಲಗ್ ಬಿಚ್ಚಿ ಬಣ್ಣ ನೋಡುತ್ತಿದ್ದುದು ಈ ಲೆಕ್ಕಕ್ಕೇ: ಕಾಫಿಪುಡಿಯ ಕಂದು ಬಣ್ಣ ಬಂದರೆ ಸರಿ, ಬಿಳಿಚಿಕೊಂಡಿದ್ದರೆ ಅಪಾಯ, ಕಪ್ಪಗೆ ಒದ್ದೆಯಾಗಿದ್ದರೆ ಪೆಟ್ರೋಲು ಅತಿಯಾಗಿದೆ.

ಹಿಂತಿರುಗಿ ಬರುವ ಅಲೆ

ಈಗ ಸೋರಿಕೆಯ ಮಾತಿಗೆ ಬರೋಣ. ಬಾಗಿಲಿನಿಂದ ಹೊರಗೆ ಹೋದ ಹೊಸ ಮಿಶ್ರಣವನ್ನು ಮತ್ತೆ ಒಳಕ್ಕೆ ತಳ್ಳಲು ಸಾಧ್ಯವೇ? ಸಾಧ್ಯ ಎಂದು ತೋರಿಸಿದವರಲ್ಲಿ ದೊಡ್ಡ ಹೆಸರು ಪೂರ್ವ ಜರ್ಮನಿಯ ಎಂಜೆಡ್ ಕಾರ್ಖಾನೆಯ ವಾಲ್ಟರ್ ಕಾಡನ್ ಅವರದು. ಹಿಂದಿನವರ ಪ್ರಯೋಗಗಳನ್ನು ಮುಂದುವರಿಸಿ, ಸೈಲೆನ್ಸರ್ ಪೈಪಿನೊಳಗೆ ಓಡಾಡುವ ಒತ್ತಡದ ಅಲೆಗಳನ್ನು ಆಸಿಲೋಸ್ಕೋಪಿನಲ್ಲಿ ನೋಡುತ್ತ, 1950ರ ದಶಕದಲ್ಲಿ ಅವರು ಹೊಟ್ಟೆಯುಬ್ಬಿದ ಪೈಪನ್ನು ಹದಕ್ಕೆ ತಂದರು. ಅದೇ ಎಕ್ಸ್‌ಪ್ಯಾನ್ಷನ್ ಚೇಂಬರ್.

ವಿಜಯಪುರದ ಗೋಲಗುಂಬಜಿನಲ್ಲಿ ಕೂಗಿದ ದನಿ ಗೋಡೆಗೆ ತಾಗಿ ಹಿಂತಿರುಗುವುದನ್ನು ನೀವೆಲ್ಲ ಕೇಳಿದ್ದೀರಿ. ಪೈಪಿನೊಳಗೂ ಆಗುವುದು ಅದೇ. ಪೋರ್ಟು ತೆರೆದೊಡನೆ ಒತ್ತಡದ ಒಂದು ಅಲೆ ಪೈಪಿನುದ್ದಕ್ಕೂ ಓಡುತ್ತದೆ. ಪೈಪು ಅಗಲವಾಗುತ್ತ ಹೋಗುವ ಕಡೆ ಅದರ ಒಂದು ಪಾಲು ಎಳೆತದ ಅಲೆಯಾಗಿ ಹಿಂದಿರುಗಿ, ಸಿಲಿಂಡರಿನಲ್ಲಿ ಉಳಿದ ಹೊಗೆಯನ್ನು ಹೀರುತ್ತದೆ. ಹೊಸ ಮಿಶ್ರಣವನ್ನೂ ಎಳೆದುಕೊಳ್ಳುತ್ತದೆ. ಮುಂದೆ ಪೈಪು ಕಿರಿದಾಗುವ ಕಡೆ ತಾಗಿದ ಅಲೆ ತಳ್ಳುವ ಅಲೆಯಾಗಿ ಹಿಂತಿರುಗುತ್ತದೆ. ಅದು ಸರಿಯಾದ ಕ್ಷಣಕ್ಕೆ ಬಂದರೆ, ಹೊರಗೆ ಇಣುಕಿದ ಹೊಸ ಮಿಶ್ರಣವನ್ನು ಪೋರ್ಟು ಮುಚ್ಚುವ ಮೊದಲೇ ಒಳಕ್ಕೆ ನೂಕುತ್ತದೆ. ಫುಟ್‌ಬೋರ್ಡಿನಲ್ಲಿ ನೇತಾಡುವ ಪ್ರಯಾಣಿಕರನ್ನು ಒಳಗೆ ತಳ್ಳಿ ಬಾಗಿಲು ಹಾಕಿಸುವ ಕಂಡಕ್ಟರಿನ ಕೆಲಸ ಅದರದು.

ಎಲ್ಲವೂ ನಿಂತಿರುವುದು ಆ ‘ಸರಿಯಾದ ಕ್ಷಣ’ದ ಮೇಲೆ. ಬಿಸಿ ಹೊಗೆಯಲ್ಲಿ ಅಲೆಯ ವೇಗ ಸೆಕೆಂಡಿಗೆ ಸುಮಾರು 500 ಮೀಟರು. ನಿಮಿಷಕ್ಕೆ 10,000 ಸುತ್ತಿನಲ್ಲಿ ಅದಕ್ಕಿರುವ ಸಮಯ 3 ಮಿಲಿಸೆಕೆಂಡು. ಅಷ್ಟರಲ್ಲಿ ಹೋಗಿ ಬರುವ ದೂರ ಒಂದೂವರೆ ಮೀಟರು. ಹಾಗಾಗಿ ಅಲೆಯನ್ನು ಹಿಂತಿರುಗಿಸುವ ಜಾಗ ಮುಕ್ಕಾಲು ಮೀಟರಿನ ಸುಮಾರಿನಲ್ಲಿ ಇರಬೇಕು. ಅದೇ ಎಂಜಿನ್ನನ್ನು 7,500 ಸುತ್ತಿಗೆ ಹೊಂದಿಸಬೇಕಾದರೆ ಒಂದು ಮೀಟರು. ಒಂದು ವೇಗಕ್ಕೆ ಸರಿಯಾದ ಪೈಪು ಇನ್ನೊಂದು ವೇಗಕ್ಕೆ ಸರಿಯಲ್ಲ. ತಪ್ಪಾದ ಹೊತ್ತಿಗೆ ಬಂದ ಅಲೆ ಎಂಜಿನ್ನಿಗೆ ಸಹಾಯ ಮಾಡುವ ಬದಲು ಅಡ್ಡಬರುತ್ತದೆ. ರೇಸ್ ಬೈಕು ಒಂದು ವೇಗದ ತನಕ ಸತ್ತಂತಿದ್ದು, ಇದ್ದಕ್ಕಿದ್ದಂತೆ ಕುದುರೆಯಂತೆ ನೆಗೆಯುವುದು ಏಕೆಂದು ಈಗ ನಿಮಗೆ ಗೊತ್ತಾಗಿರಬೇಕು.

ಕಾಡನ್ ಅವರ 125 ಸಿಸಿ ಎಂಜಿನ್ನು 1961ರ ಹೊತ್ತಿಗೆ 25 ಅಶ್ವಶಕ್ತಿ ಕೊಡುತ್ತಿತ್ತು. ಲೀಟರಿಗೆ 200. ಹೊರಗಿನ ಬ್ಲೋವರಿನ ನೆರವಿಲ್ಲದೆ ಯಾವ ಎಂಜಿನ್ನೂ ಅದಕ್ಕೆ ಮೊದಲು ಆ ಮಟ್ಟ ಮುಟ್ಟಿರಲಿಲ್ಲ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಸ್ವೀಡನ್ನಿನ ರೇಸಿಗೆ ಬಂದ ಅವರ ಸವಾರ ಅರ್ನ್‌ಸ್ಟ್ ಡೆಗ್ನರ್ ತನ್ನ ದೇಶಕ್ಕೆ ಹಿಂತಿರುಗಲೇ ಇಲ್ಲ. ಆ ವಿದ್ಯೆಯ ಸಮೇತ ಜಪಾನಿನ ಸುಜುಕಿಯನ್ನು ಸೇರಿಕೊಂಡ. ಮರುವರ್ಷ, 1962ರಲ್ಲಿ, 50 ಸಿಸಿ ವರ್ಗದ ವಿಶ್ವ ಪ್ರಶಸ್ತಿಯನ್ನು ಸುಜುಕಿಗೆ ತಂದುಕೊಟ್ಟ. ಸುಜುಕಿಯ ಹೆಸರು ಹೊಸೂರಿಗೆ ಬಂದದ್ದು ಅದಾಗಿ 22 ವರ್ಷಗಳ ನಂತರ. ಒಂದು ತಗಡಿನ ಪೈಪಿನ ಅಳತೆಗಾಗಿ ದೇಶದ ಗಡಿ ದಾಟುವಷ್ಟು ಬೆಲೆ ಆ ವಿದ್ಯೆಗಿತ್ತು ಎಂಬುದನ್ನು ಮನಸ್ಸಿನಲ್ಲಿಡಿ. ಕೊನೆಯಲ್ಲಿ ಮತ್ತೆ ಈ ಮಾತಿಗೆ ಬರುತ್ತೇನೆ.

ಬಡ್ಡಿಯ ಲೆಕ್ಕ

ಸಾಲ ತಂದದ್ದಾಯಿತು, ಬಡ್ಡಿ ಎಷ್ಟು? ಪಿಸ್ಟನ್ ಪ್ರತಿ ಸುತ್ತಿನಲ್ಲೂ ಎರಡು ಸಲ ನಿಂತು ಮತ್ತೆ ಹೊರಡುತ್ತದೆ. ಅದನ್ನು ಎಳೆದು ನಿಲ್ಲಿಸುವ ಭಾರ ಬೀಳುವುದು ಕನೆಕ್ಟಿಂಗ್ ರಾಡು ಮತ್ತು ಬೇರಿಂಗಿನ ಮೇಲೆ. ಈ ಭಾರ ಸುತ್ತಿನ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗವನ್ನು 7,500ರಿಂದ 10,000ಕ್ಕೆ ಏರಿಸಿದರೆ ವೇಗ ಹೆಚ್ಚಿದ್ದು ಮೂರನೆಯ ಒಂದು ಭಾಗ. ಭಾರ ಹೆಚ್ಚಿದ್ದು ಶೇಕಡ 78. ಯೆಜ್ಡಿಯ ಸ್ಟ್ರೋಕು 75 ಮಿಲಿಮೀಟರು, ಆರ್‌ಎಕ್ಸ್ 100ರದು 50. ಒಂದೇ ವೇಗದಲ್ಲಿ ತಿರುಗಿದರೂ ಯೆಜ್ಡಿಯ ಪಿಸ್ಟನ್ ಒಂದೂವರೆಪಟ್ಟು ದೂರ ಓಡಬೇಕು. ಯೆಜ್ಡಿಯನ್ನು ಆರ್‌ಎಕ್ಸಿನಂತೆ ಕಿರುಚಿಸಲು ಹೋಗುವುದು ಎತ್ತಿನ ಹೆಗಲಿಗೆ ಕುದುರೆಯ ಓಟ ಹೊರಿಸಿದಂತೆ. ಅದರ ಹಿರಿಮೆ ಕೆಳವೇಗದ ಎಳೆತದಲ್ಲಿತ್ತು.

ಶಕ್ತಿ ಹೆಚ್ಚಿದಷ್ಟೂ ಶಾಖ ಹೆಚ್ಚುತ್ತದೆ. ಸಿಲಿಂಡರಿನಲ್ಲಿ ಅತಿ ಬಿಸಿಯಾಗುವ ಜಾಗ ಎಕ್ಸಾಸ್ಟ್ ಪೋರ್ಟಿನ ಬದಿ. ಅತಿ ತಂಪಾಗಿರುವ ಜಾಗ ಟ್ರಾನ್ಸ್‌ಫರ್ ಪೋರ್ಟಿನ ಬದಿ. ಎರಡರ ನಡುವೆ ಸಿಲಿಂಡರು ಸೊಟ್ಟಗಾಗುತ್ತದೆ. ಆದ್ದರಿಂದ ರೇಸಿನವರು ಪಿಸ್ಟನ್ನಿಗೆ ಸ್ವಲ್ಪ ಹೆಚ್ಚು ಸಡಿಲ ಬಿಡುತ್ತಾರೆ. ಅದು ಬೇಗ ಸವೆಯುತ್ತದೆ. ಹಿಂದೆ ರೇಸುಗಳಲ್ಲಿ ಹರಳೆಣ್ಣೆ ಬೆರೆಸುತ್ತಿದ್ದುದು ಅದು ಕಡುಬಿಸಿಯಲ್ಲೂ ಲೋಹಕ್ಕೆ ಅಂಟಿಕೊಂಡಿರುತ್ತದೆಂಬ ಕಾರಣಕ್ಕೆ. ಅದರಿಂದ ಕಿಟ್ಟ ಕಟ್ಟುತ್ತದೆ, ಪದೇ ಪದೇ ಎಂಜಿನ್ನು ಬಿಚ್ಚಬೇಕಾಗುತ್ತದೆ. ರೇಸಿನವರಿಗೆ ಇದು ತೊಂದರೆಯಲ್ಲ. ಅವರ ಎಂಜಿನ್ನು ಬದುಕಬೇಕಾದದ್ದು ಕೆಲವು ಸುತ್ತು ಮಾತ್ರ. ರಿಂಗು, ಪಿಸ್ಟನ್ನು, ಬೇರಿಂಗು ಬದಲಿಸಲು ಅವರು ಸಿದ್ಧರಾಗಿಯೇ ಬಂದಿರುತ್ತಾರೆ. ಬಡ್ಡಿ ಗೊತ್ತಿದ್ದೇ ಸಾಲ ಮಾಡಿದವರು ಅವರು.

ಇದೇ ಲೆಕ್ಕ ನೀರಿನ ಮೇಲೆ ಇನ್ನೊಂದು ರೂಪ ತಾಳುತ್ತದೆ. ದೋಣಿಯ ಹಿಂಬದಿಗೆ ಸಿಕ್ಕಿಸುವ ಔಟ್‌ಬೋರ್ಡ್ ಎಂಜಿನ್ನುಗಳನ್ನು ಅಮೆರಿಕದ ಓಲ್ ಎವಿನ್‌ರೂಡ್ 1909ರ ಹೊತ್ತಿಗೆ ಮಾರುಕಟ್ಟೆಗೆ ತಂದ. 2018ರ ನವೆಂಬರಿನಲ್ಲಿ ಅಮರಾವತಿಯ ಹೆಸರಿನಲ್ಲಿ, ವಿಜಯವಾಡದ ಬಳಿ, ನಮ್ಮ ನಾಡನ್ನು ಹಾದುಹೋಗುವ ಕೃಷ್ಣೆಯ ನೀರಿನಲ್ಲೇ ಫಾರ್ಮುಲಾ ಒನ್ ದೋಣಿ ರೇಸು ನಡೆಯಿತು. ಆ ವರ್ಗದಲ್ಲಿ ದಶಕಗಳ ಕಾಲ ಮೆರೆದದ್ದು ಆರು ಸಿಲಿಂಡರಿನ, ಎರಡೂವರೆ ಲೀಟರಿನ ಟೂ ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್ನು. ಶಕ್ತಿ ಸುಮಾರು 400. ಲೀಟರಿಗೆ 160 ಆಯಿತು. ಕಾಡನ್ ಅವರ ಎಂಜಿನ್ನಿಗಿಂತ ಇದು ಕಡಿಮೆ ಏಕೆ? ಬೈಕಿಗೆ ತಿರುವಿನಲ್ಲಿ ಉಸಿರಾಡಲು ಬಿಡುವು ಸಿಗುತ್ತದೆ, ಗೇರುಗಳಿವೆ. ರೇಸ್ ದೋಣಿ ಪ್ರೊಪೆಲರಿನಿಂದ ನೀರನ್ನು ನೂಕುತ್ತ ಬಹುಪಾಲು ಹೊತ್ತು ಪೂರ್ಣ ಭಾರದಲ್ಲೇ ಓಡಬೇಕು. ಹಲವು ಗೇರುಗಳ ನೆರವು ಅದಕ್ಕಿಲ್ಲ. ಸುತ್ತಲೂ ತಣ್ಣೀರು ಇರುವುದೊಂದೇ ಅನುಕೂಲ. ಇನ್ನು ಮಲ್ಪೆ, ಗಂಗೊಳ್ಳಿ, ಕಾರವಾರದ ನಾಡದೋಣಿಯವರನ್ನು ನೋಡಿ. ಸೀಮೆಎಣ್ಣೆಯಲ್ಲಿ ಓಡುವ ಔಟ್‌ಬೋರ್ಡಿನಿಂದ ಅವರು ಬಯಸುವುದು ಅಬ್ಬರವನ್ನಲ್ಲ. ಮಳೆಗಾಲದ ಕಡಲಿನಿಂದ ದಡ ಮುಟ್ಟಿಸುವ ನಂಬಿಕೆಯನ್ನು. ಎಂಜಿನ್ನಿನಿಂದ ಏನು ಬೇಕು ಎಂಬುದು ಮೊದಲು ಇತ್ಯರ್ಥವಾಗಬೇಕು, ಅರ ಆಮೇಲೆ.

ಬೀದಿಯ ಅಬ್ಬರ

ಆ ಇತ್ಯರ್ಥವಿಲ್ಲದ ಕೆಲಸ ನಮ್ಮ ಹೊರವಲಯದ ರಸ್ತೆಗಳಲ್ಲಿ ಕಾಣುತ್ತದೆ, ಅದಕ್ಕಿಂತ ಹೆಚ್ಚಾಗಿ ಕೇಳುತ್ತದೆ. ಸೈಲೆನ್ಸರಿನ ಒಳಗಿನ ತಡೆಗಳನ್ನು ಕಿತ್ತೆಸೆದರೆ ಶಕ್ತಿ ಹೆಚ್ಚುತ್ತದೆ ಎಂಬ ನಂಬಿಕೆ ಹುಡುಗರಲ್ಲಿ ಬಲವಾಗಿದೆ. ಈಗ ನೋಡಿದ ಅಲೆಯ ಲೆಕ್ಕದಿಂದಲೇ ಇದನ್ನು ಪರೀಕ್ಷಿಸಿ. ಟೂ ಸ್ಟ್ರೋಕಿನಲ್ಲಿ ಪೈಪು ಬರೀ ಹೊಗೆಯ ದಾರಿಯಲ್ಲ. ಎಂಜಿನ್ನಿನ ಅರ್ಧ ಭಾಗವೇ ಅದು. ಕಾರ್ಖಾನೆಯವರು ಅಳೆದು ಇಟ್ಟ ತಡೆಯನ್ನು ಕಿತ್ತರೆ ಹಿಂತಿರುಗಬೇಕಾದ ಒತ್ತಡ ಹಿಂತಿರುಗುವುದಿಲ್ಲ, ಹೊಸ ಮಿಶ್ರಣ ಹೊರಗೇ ಉಳಿಯುತ್ತದೆ. ಅನೇಕ ಸಲ ಆಗುವುದು ಇಷ್ಟೇ: ಸದ್ದು ಹೆಚ್ಚಿತು, ಪೆಟ್ರೋಲು ಹೆಚ್ಚು ಹೋಯಿತು, ಶಕ್ತಿ ಇಳಿಯಿತು. ಕಿವಿಗೆ ಮಾತ್ರ ಬೈಕು ವೇಗವಾಗಿ ಓಡಿತು.

ನಿಜವಾಗಿಯೇ ಶಕ್ತಿ ಹೆಚ್ಚಿಸಿದ ಬೈಕು ಇನ್ನೂ ಅಪಾಯ. ಡ್ರಮ್ ಬ್ರೇಕು, ತೆಳು ಟಯರು, ಹಗುರ ಚೌಕಟ್ಟು ಎಲ್ಲವನ್ನೂ 11 ಅಶ್ವಶಕ್ತಿಗೆ ಲೆಕ್ಕಹಾಕಿ ಮಾಡಿದ್ದಾರೆ. ಎಂಜಿನ್ನು ಮಾಡಿದ ಸಾಲಕ್ಕೆ ಬ್ರೇಕು ಜಾಮೀನು ನಿಲ್ಲಬೇಕಾಗುತ್ತದೆ. ಅದು ಸೋತಾಗ ಸವಾರನೂ ದಾರಿಹೋಕನೂ ತೆರಬೇಕು. ಟ್ರ್ಯಾಕಿನಲ್ಲಿ ಎದುರಿನಿಂದ ಲಾರಿ ಬರುವುದಿಲ್ಲ, ಪಕ್ಕದಲ್ಲಿ ಆಂಬುಲೆನ್ಸು ನಿಂತಿರುತ್ತದೆ. ನೆಲಮಂಗಲದ ಹೆದ್ದಾರಿಯಲ್ಲಿ ಇವೆರಡೂ ತಿರುಗುಮುರುಗು. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಅನುಮತಿಯಿಲ್ಲದ ಬದಲಾವಣೆಯನ್ನು ತಡೆಯುತ್ತದೆ. 2019ರ ತಿದ್ದುಪಡಿಯ ಪ್ರಕಾರ ಅಂಥ ಪ್ರತಿ ಬದಲಾವಣೆಗೆ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಎರಡೂ ಆಗಬಹುದು. ಕಾನೂನಿನ ಹೆದರಿಕೆಗಿಂತ ಲೆಕ್ಕದ ತಿಳಿವಳಿಕೆ ಹುಡುಗರನ್ನು ಹೆಚ್ಚು ತಡೆಯುತ್ತದೆ ಎಂದು ನನ್ನ ನಂಬಿಕೆ.

ಖರ್ಚಿನ ಕಲಮಿನಲ್ಲಿ ನಾವೆಲ್ಲರೂ ತೆತ್ತ ಪಾಲೂ ಒಂದಿದೆ. ಉರಿಯದೆ ಹೊರಬಿದ್ದ ಪೆಟ್ರೋಲು, ಎಣ್ಣೆಯ ನೀಲಿ ಹೊಗೆ ಯಾರದೋ ಶ್ವಾಸಕೋಶಕ್ಕೆ ಹೋಗಿ ಸೇರುತ್ತಿತ್ತು. ಭಾರತದಲ್ಲಿ ಹೊಗೆಯ ಮಿತಿಗಳು 1991ರಲ್ಲಿ ಬಂದು 1996 ಮತ್ತು 2000ದಲ್ಲಿ ಬಿಗಿಯಾದವು. ಆರ್‌ಎಕ್ಸ್ 100 ತಯಾರಿಕೆ 1996ರಲ್ಲಿ ನಿಂತಿತು. ಜಾವಾ ಹೆಸರು 2018ರಲ್ಲಿ ಮತ್ತೆ ಬಂದಾಗ ಅದರೊಳಗೆ ಇದ್ದದ್ದು ನಾಲ್ಕು ಸ್ಟ್ರೋಕಿನ ಎಂಜಿನ್ನು. ವಿಶ್ವಮಟ್ಟದ ಮೋಟಾರ್‌ಸೈಕಲ್ ರೇಸಿನ 125 ಸಿಸಿ ವರ್ಗವೂ 2012ರಲ್ಲಿ ನಾಲ್ಕು ಸ್ಟ್ರೋಕಿಗೆ ತಿರುಗಿತು. ಟೂ ಸ್ಟ್ರೋಕಿನ ಕಾಲ ಮುಗಿದದ್ದಕ್ಕೆ ಅಳುವುದು ಬೇಕಿಲ್ಲ. ಆ ಹೊಗೆಯನ್ನು ನಗರ ಇನ್ನು ಹೊರಲಾರದು.

ಬರೆದಿಡದ ವಿದ್ಯೆ

ಹಾಗಾದರೆ ಈ ಮಾತೆಲ್ಲ ಈಗ ಏಕೆ? ಎಂಜಿನ್ನು ಹೋದರೂ ಅದು ಕಲಿಸಿದ ವಿದ್ಯೆಗೆ ಬೆಲೆ ಇದೆ ಎಂಬ ಕಾರಣಕ್ಕೆ. ಅಲೆ ಯಾವ ಹೊತ್ತಿಗೆ ಹಿಂತಿರುಗುತ್ತದೆ, ಲೋಹ ಯಾವ ಬಿಸಿಯಲ್ಲಿ ಸೊಟ್ಟಗಾಗುತ್ತದೆ, ಒಂದು ಕೂದಲೆಳೆ ಹೆಚ್ಚು ಸವರಿದರೆ ಏನಾಗುತ್ತದೆ ಎಂಬ ಪ್ರಶ್ನೆಗಳು ಇನ್ನೂ ಇವೆ. ವೈಟ್‌ಫೀಲ್ಡಿನಂಥ ಕಡೆ ವಾಹನ ಕಂಪನಿಗಳ ಸಂಶೋಧನಾ ಕೇಂದ್ರಗಳಲ್ಲಿ ಎಂಜಿನಿಯರುಗಳು ಅನಿಲದ ಹರಿವನ್ನೂ ಶಾಖವನ್ನೂ ಕಂಪ್ಯೂಟರಿನಲ್ಲಿ ಲೆಕ್ಕಹಾಕುತ್ತಾರೆ. ಪೀಣ್ಯದ ಹಳೆಯ ಕೈ ಅದನ್ನೇ ಪ್ಲಗ್ಗಿನ ಬಣ್ಣದಲ್ಲಿ, ಪಿಸ್ಟನ್ನಿನ ಮೇಲಿನ ಗೀರಿನಲ್ಲಿ ಓದುತ್ತಿತ್ತು. ಊರಿನ ಎರಡು ಅಂಚುಗಳಲ್ಲಿರುವ ಈ ಇಬ್ಬರೂ ಒಬ್ಬರನ್ನೊಬ್ಬರು ಮಾತನಾಡಿಸುವುದು ಅಪರೂಪ.

ಡೆಗ್ನರ್ ಗಡಿ ದಾಟಿಸಿದ ವಿದ್ಯೆಯ ಮಾತಿಗೆ ಮತ್ತೆ ಬರುತ್ತೇನೆ. ಅಲ್ಲಿ ಪೈಪಿನ ಅಳತೆ ಕದ್ದೊಯ್ಯುವಷ್ಟು ಬೆಲೆಬಾಳುವ ವಸ್ತುವಾಗಿತ್ತು; ಅಲ್ಲಿನವರು ಅಳೆದಿದ್ದರು, ಬರೆದಿದ್ದರು. ನಮ್ಮಲ್ಲಿ ಎಷ್ಟೋ ಮೇಸ್ತ್ರಿಗಳು ಸಿಲಿಂಡರಿನಿಂದ ಸಿಲಿಂಡರಿಗೆ ಕಲಿತದ್ದನ್ನು ತಲೆಯಲ್ಲೇ ಇಟ್ಟುಕೊಂಡರು. ಅವರು ಕೆಲಸ ನಿಲ್ಲಿಸಿದಾಗ ಅದೂ ನಿಂತಿತು. ಕದಿಯಲು ಬಂದವರೂ ಇಲ್ಲ, ಕೇಳಲು ಬಂದವರೂ ಇಲ್ಲ.

ಆದ್ದರಿಂದ ನಿಮ್ಮಲ್ಲಿ ನನ್ನ ಕೋರಿಕೆ ಸಣ್ಣದು. ಕೈಗೆ ಎಂಜಿನ್ನೇ ಬರಲಿ, ಕಂಪ್ರೆಸರೇ ಬರಲಿ, ವಿದ್ಯುತ್ ಬೈಕಿನ ಮೋಟಾರೇ ಬರಲಿ, ಪಕ್ಕದಲ್ಲಿ ಒಂದು ನೋಟ್‌ಬುಕ್ ಇಡಿ. ಪುಟದ ನಡುವೆ ಒಂದು ಗೆರೆ ಎಳೆಯಿರಿ. ಬಿಚ್ಚುವ ಮೊದಲು ಅಳತೆ ಬರೆಯಿರಿ, ಸವರಿದ ಮೇಲೂ ಬರೆಯಿರಿ. ಎಡಗಡೆ ಪಡೆದದ್ದು, ಬಲಗಡೆ ಕಳೆದುಕೊಂಡದ್ದು. ನಿಮ್ಮ ಕನ್ನಡದಲ್ಲೇ ಬರೆಯಿರಿ; ಪೋರ್ಟಿಗೆ ಪೋರ್ಟು ಎನ್ನಿ, ಕಿಂಡಿ ಎನ್ನಿ, ಅಳತೆ ಸರಿಯಾಗಿದ್ದರೆ ಆಯಿತು. ‘ಇದರಲ್ಲಿ ಇನ್ನೂ ಎಷ್ಟು ಪವರ್ ತೆಗೀಬಹುದು’ ಎಂದು ಮುಂದೆ ಯಾರಾದರೂ ಹುಡುಗ ನಿಮ್ಮನ್ನು ಕೇಳಿದಾಗ ಆ ಪುಟವನ್ನು ಅವನ ಮುಂದೆ ತೆರೆದಿಡಿ. ಬಲಗಡೆಯ ಕಲಮನ್ನೂ ಓದಿ ಮುಗಿಸಿದ ಮೇಲೆ ಅವನೇ ನಿರ್ಧರಿಸಲಿ.